ಸ್ಟೆಪ್ನಿಯ ಇಪ್ಪತ್ತೊಂದು ದಿನ

ಜುಲೈ 2, ಬುಧವಾರ. ಒಂದನೇ ದಿನ

ಕಾಲೇಜಿಗೆಂದು ತಂದ ನೋಟ್‌ಬುಕ್ಕು ಇದು. ಇವತ್ತಿನಿಂದ ಸ್ಟೆಪ್ನಿಯದು. ಯಾರೂ ಓದಬಾರದು. ಓದಿದರೆ ಓದಲಿ, ನನಗೇನೂ ಹೆದರಿಕೆಯಿಲ್ಲ.

ಮೊದಲ ಪುಟದಲ್ಲಿ ನಾಯಿಯ ಪರಿಚಯ ಇರಬೇಕು ಎಂದು ನಮ್ಮ ಆನ್‌ಲೈನ್ ಗ್ರೂಪು ನಡೆಸುವ ಪ್ರತಾಪಣ್ಣ ಹೇಳಿದ್ದಾರೆ. ಹೆಸರು ಸ್ಟೆಪ್ನಿ. ಹೆಣ್ಣು, ನಾಲ್ಕು ವರ್ಷ, ಊರ ನಾಯಿ, ಕಂದು ಬಣ್ಣ, ಎಡಗಿವಿಯ ತುದಿ ಇಲ್ಲ. ಅಪ್ಪ ವನಗೂರಿನಿಂದ ಸಕಲೇಶಪುರಕ್ಕೆ ಜೀಪು ಓಡಿಸುತ್ತಾನೆ. ಒಂದು ದಿನ ಪಂಕ್ಚರ್ ಆದ ಸ್ಟೆಪ್ನಿ ಟೈರನ್ನು ಅಂಗಳದಲ್ಲಿ ಮಲಗಿಸಿದ್ದ. ಬೆಳಿಗ್ಗೆ ನೋಡಿದರೆ ಅದರೊಳಗೆ ಮರಿಯೊಂದು ಸುರುಳಿ ಸುತ್ತಿಕೊಂಡು ಮಲಗಿತ್ತು. ಅಷ್ಟೇ ಕಥೆ. ಅಪ್ಪ ಹಾರ್ನ್ ಹೊಡೆದರೆ ಜೀಪಿನ ಹಿಂಬಾಗಿಲಿಗೆ ಒಂದೇ ನೆಗೆತ. ಕೆಳಗಿನ ತಿರುವಿನವರೆಗೆ ಸವಾರಿ, ಅಲ್ಲಿಂದ ನಡೆದು ವಾಪಸ್. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಎಂಟು ದಿನದಿಂದ ಅವಳಿಗೆ ಭೇದಿ. ನಿನ್ನೆ ಅಪ್ಪ ದನದ ಆಸ್ಪತ್ರೆಗೆ ಕರೆದುಕೊಂಡು ಹೋದ, ನಾನೂ ಹೋದೆ. ಶಿವಲೀಲಾ ಮೇಡಂ ಹೊಟ್ಟೆ ಒತ್ತಿ ನೋಡಿ, ಹುಳ ಇರಬಹುದು ಎಂದು ಒಂದು ಮಾತ್ರೆ ಕೊಟ್ಟು, ನಾಳೆ ಕಕ್ಕ ತಗೊಂಡು ಬಾ ಅಂದರು. ಐದು ನಿಮಿಷ ಕೂಡ ನೋಡಲಿಲ್ಲ. ಹೊರಗೆ ಹನ್ನೆರಡು ಹಸು ಕಾಯುತ್ತಿದ್ದವು, ನಿಜ. ಆದರೂ ಐದು ನಿಮಿಷ.

ನಾಯಿ ಸಾಕುವವರ ಆ 'ಬಾಲ ಬಳಗ' ಗ್ರೂಪಿನಲ್ಲಿ ನಮಗೆ ಒಂದು ವರ್ಷದಿಂದ ಪ್ರತಾಪಣ್ಣ ಹೇಳುತ್ತಲೇ ಇದ್ದಾರೆ. ಹುಳದ ಮಾತ್ರೆ ಅಂದರೆ ಹೊಟ್ಟೆಯೊಳಗೆ ಬಾಂಬು. ಹುಳದ ಜೊತೆ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತವೆ. ನಾಯಿಗೆ ಬೇಕಾದದ್ದು ಪ್ರೋಬಯಾಟಿಕ್. ಅಂದರೆ ಜೀವಂತ ಬ್ಯಾಕ್ಟೀರಿಯಾ ಇರುವ ಪುಡಿ. ಅವರದೇ 'ಹೊಟ್ಟೆಸ್ನೇಹಿ' ಇವತ್ತು ಕೊರಿಯರ್‌ನಲ್ಲಿ ಬಂತು. ಇಪ್ಪತ್ತೊಂದು ದಿನದ ಸವಾಲು: ದಿನಾ ಎರಡು ಚಮಚ, ದಿನಾ ಬರಹ, ದಿನಾ ಗ್ರೂಪಿಗೆ ಅಪ್‌ಡೇಟ್.

ಆಸ್ಪತ್ರೆಯ ಮಾತ್ರೆ ಈ ನೋಟ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆಯೊಳಗಿದೆ. ಹಾಕಿದೆ ಎಂದು ಅಪ್ಪನಿಗೆ ಹೇಳಿದ್ದೇನೆ.

ಜುಲೈ 3, ಗುರುವಾರ

ಡಬ್ಬದ ಮೇಲೆ 'ತಂಪಾದ, ಒಣಗಿದ ಜಾಗದಲ್ಲಿ ಇಡಿ' ಎಂದಿದೆ. ಇದನ್ನು ಬರೆದವರು ಜುಲೈನಲ್ಲಿ ಇತ್ತ ಬಂದವರಲ್ಲ. ನಮ್ಮಲ್ಲಿ ತಂಪಾದ ಜಾಗ ಮನೆ ತುಂಬ ಇದೆ. ಒಣಗಿದ ಜಾಗ ಒಂದೇ, ಒಲೆಯ ಮೇಲಿನ ಅಟ್ಟ. ಉಪ್ಪು, ಬೆಂಕಿಪೊಟ್ಟಣ, ಕಾಳುಮೆಣಸು, ಅಪ್ಪನ ಕಾಲುಚೀಲ ಎಲ್ಲ ಅಲ್ಲೇ. ಫ್ರಿಜ್ ಇದೆ, ಕರೆಂಟು ಹೋಗಿ ಆರು ದಿನ. ಈಗ ಅದರಲ್ಲಿ ಜೀಪಿನ ಕಾಗದಪತ್ರ ಇದೆ.

ಕಾಳುಮೆಣಸಿನ ಡಬ್ಬ ಪಕ್ಕಕ್ಕೆ ಸರಿಸಲು ಅಜ್ಜಿಗೆ ಹೇಳಿ ಹೊಟ್ಟೆಸ್ನೇಹಿಗೆ ಜಾಗ ಮಾಡಿದೆ.

"ಏನವ್ವ ಅದು, ನಾಯಿಗೆ ಹಾರ್ಲಿಕ್ಸಾ?" ಅಂದಳು.

"ಜೀವಂತ ಬ್ಯಾಕ್ಟೀರಿಯಾ ಅಜ್ಜಿ. ಕೋಟಿಗಟ್ಲೆ."

"ಕೋಟಿ ಜೀವಾನ ಒಲೆ ಮೇಲಿಟ್ಯಾ? ಬೆಚ್ಗಿರ್ಲಿ ಬುಡು, ಪಾಪ."

ಅಜ್ಜಿಗೆ ಯಾವುದನ್ನು ವಿವರಿಸುವುದೂ ವ್ಯರ್ಥ. ಬಿಸಿ ಗಂಜಿಯಲ್ಲಿ ಕಲಸಿ ಹಾಕಿದೆ. ಸ್ಟೆಪ್ನಿ ಮುಗಿಸಿದಳು. ಗ್ರೂಪಿಗೆ ಫೋಟೋ ಹಾಕಿದೆ, ನಲವತ್ತೆರಡು ಹೃದಯ ಬಂದವು.

ಜುಲೈ 5, ಶನಿವಾರ. ನಾಲ್ಕನೇ ದಿನ

ದೊಡ್ಡ ಸುದ್ದಿ. ಪ್ರತಾಪಣ್ಣ ನನ್ನನ್ನು ಗ್ರೂಪಿನ ಮಾಡರೇಟರ್ ಮಾಡಿದ್ದಾರೆ. 'ನಮ್ಮ ಸಕಲೇಶಪುರದ ಸಿಂಹಿಣಿ ಹೇಮಶ್ರೀ, ಕಾಡಿನ ಮಧ್ಯದಿಂದ ವಿಜ್ಞಾನ ಹರಡುತ್ತಿದ್ದಾಳೆ' ಎಂದು ಬರೆದರು. ನಾವು ಕಾಡಿನ ಮಧ್ಯ ಇಲ್ಲ, ಟಾರು ರೋಡಿನ ಪಕ್ಕ ಇದ್ದೇವೆ. ಆದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಒಂದು ಸಾವಿರದ ಇನ್ನೂರು ಜನ ಇರುವ ಗ್ರೂಪು.

ಮಧ್ಯಾಹ್ನ ಅಜ್ಜಿ ಹಿತ್ತಲಲ್ಲಿ ಕದ್ದು ಸ್ಟೆಪ್ನಿಗೆ ಮಜ್ಜಿಗೆ ಅನ್ನ ಹಾಕುತ್ತಿದ್ದಳು. ಹಿಡಿದೆ.

"ಅಜ್ಜಿ, ಸವಾಲು ಕೆಡ್ತದೆ. ಬೇರೆ ಏನೂ ಹಾಕ್ಬಾರ್ದು ಅಂತ ಹೇಳಿಲ್ವ?"

"ಮಜ್ಗೇಲೂ ಅದೇ ಇರದು ಅಂತ ನೀನೇ ಹೇಳಿದ್ಯಲ್ಲೇ."

"ಅದು ಬೇರೆ, ಇದು ಬೇರೆ."

"ಬೇರೆ ಏನು? ಇದು ಕೊರಿಯರ್‌ನಾಗೆ ಬತ್ತದೆ, ಅದು ಹಸಿನಿಂದ ಬತ್ತದೆ."

ಎರಡು ದಿನ ಅಜ್ಜಿಯ ಜೊತೆ ಮಾತು ಬಿಡುವುದು ಎಂದು ತೀರ್ಮಾನಿಸಿದ್ದೇನೆ. ಭೇದಿ: ಐದು ಸಲ. ಗ್ರೂಪಿಗೆ: 'ಚೇತರಿಕೆ ಕಾಣುತ್ತಿದೆ.' ಬೆಳಿಗ್ಗೆ ಬಾಲ ಅಲ್ಲಾಡಿಸಿದ್ದಳು, ಅದನ್ನು ಚೇತರಿಕೆ ಅನ್ನಬಹುದು.

ಜುಲೈ 8, ಮಂಗಳವಾರ. ಏಳನೇ ದಿನ

ಭೇದಿ ಹೆಚ್ಚಾಗಿದೆ. ಪ್ರತಾಪಣ್ಣನಿಗೆ ಖಾಸಗಿಯಾಗಿ ಬರೆದೆ. ವಾಯ್ಸ್ ನೋಟ್ ಬಂತು, ನನ್ನ ಹೆಸರು ಹೇಳಿಯೇ ಮಾತಾಡಿದ್ದಾರೆ. "ಹೇಮಶ್ರೀ, ಭಯ ಪಡಬೇಡ. ಕೆಟ್ಟ ಬ್ಯಾಕ್ಟೀರಿಯಾ ಸಾಯುವಾಗ ಗಲಾಟೆ ಮಾಡ್ತವೆ. ಹತ್ತನೇ ದಿನದವರೆಗೆ ಜಾಸ್ತಿ ಆದರೆ ಪುಡಿ ಕೆಲಸ ಮಾಡ್ತಿದೆ ಅಂತ ಅರ್ಥ." ನಾಲ್ಕು ಸಲ ಕೇಳಿದೆ. ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಪಕ್ಕ ಮಾತ್ರ, ನಿಂತು ನಿಂತು ಕಾಲಿಗೆ ಇಂಬಳ ಹತ್ತಿ ರಕ್ತ ಕುಡಿದು ತಾನಾಗಿ ಉದುರಿತು.

ಇದೇ ಮಾತನ್ನು ನಾನು ಕುಂದೂರಿನ ನಾಗರತ್ನಮ್ಮನವರಿಗೂ ಬರೆದೆ. ಅವರು ರಿಟೈರ್ಡ್ ಟೀಚರ್. ಅವರ ಬಿಳಿ ನಾಯಿ ಪಿಂಕಿಗೂ ಭೇದಿ. 'ಡಾಕ್ಟರಿಗೆ ತೋರಿಸಲೇ ಮಗಳೇ?' ಎಂದು ಗ್ರೂಪಿನಲ್ಲಿ ಕೇಳಿದ್ದರು. 'ಬೇಡ ಮೇಡಂ, ಮುಂದುವರಿಸಿ, ಇದು ವಾಸಿಯಾಗುವ ಲಕ್ಷಣ' ಅಂದೆ. ಮಾಡರೇಟರ್ ಆದಮೇಲೆ ನನ್ನ ಮೊದಲ ಉತ್ತರ. ಪ್ರತಾಪಣ್ಣ ಅದನ್ನು ಪಿನ್ ಮಾಡಿದರು.

ಜುಲೈ 9, ಬುಧವಾರ

ಅಪ್ಪ ಹಾರ್ನ್ ಹೊಡೆದ. ಸ್ಟೆಪ್ನಿ ಎದ್ದು ಜೀಪಿನ ಹಿಂದೆ ಹೋಗಿ ನಿಂತಳು. ನೆಗೆಯಲಿಲ್ಲ.

ಒಳಗೆ ಕೂತಿದ್ದ ದ್ಯಾವಯ್ಯ, ದಿನಾ ಇದೇ ಜೀಪಿಗೆ ಪೇಟೆಗೆ ಹೋಗುವ ಮುದುಕ, ತಲೆ ಹೊರಗೆ ಹಾಕಿದ. "ಏನ್ ಕೃಷ್ಣಪ್ಪ, ನಿನ್ ಕಂಡಕ್ಟ್ರು ಇವತ್ತು ರಜಾನಾ?"

"ಹುಷಾರಿಲ್ಲ ಕಣಣ್ಣ."

"ನಿನ್ ಮಗ್ಳು ಪುಡಿ ಹಾಕ್ತಾವ್ಳಂತಲ್ಲ. ಆ ಪುಡಿ ನಂಗೂ ಒಂದ್ ಚಮ್ಚ ಕೊಡ್ಸು, ಮಂಡಿ ನೋಯ್ತದೆ."

ಜೀಪು ತುಂಬ ನಗು. ನಾನೂ ಸುಮ್ಮನಿರಲಿಲ್ಲ. "ಮಂಡಿಗಲ್ಲ ದ್ಯಾವಯ್ಯ ತಾತ, ಅದು ಹೊಟ್ಟೆಗೆ. ನಿಮ್ಮ ಬಾಯಿಗೆ ಬೇರೆ ಪುಡಿ ಐತೆ, ತರಿಸ್ಕೊಡ್ತೀನಿ."

ಅವನು ಇನ್ನೂ ಜೋರಾಗಿ ನಕ್ಕ. ಅಪ್ಪ ನಗಲಿಲ್ಲ. ಸ್ಟೆಪ್ನಿಯನ್ನೇ ನೋಡುತ್ತಿದ್ದ. "ಅವತ್ತಿನ್ ಮಾತ್ರೆ ನುಂಗುದ್ಲು ತಾನೆ?" ಅಂತ ಕೇಳಿದ.

ಹೂಂ ಅಂದೆ.

ನಗುವವರು ನಗಲಿ. ಹತ್ತನೇ ದಿನ ಇನ್ನೂ ಬಂದಿಲ್ಲ.

ಜುಲೈ 11, ಶುಕ್ರವಾರ. ಹತ್ತನೇ ದಿನ

ಇವತ್ತು ಹತ್ತನೇ ದಿನ.

ಕಕ್ಕ ಕಪ್ಪಗೆ, ಡಾಂಬರಿನ ಹಾಗಿತ್ತು. ವಾಸನೆಯೂ ಬೇರೆ. ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ಮೂರು, ಸಂಜೆ ಒಂದು. ಗಂಜಿ ಅರ್ಧ ಬಿಟ್ಟಳು. ನೀರು ಕುಡಿದಳು. ಕರೆದರೆ ಕಿವಿ ಮಾತ್ರ ಅಲ್ಲಾಡಿಸುತ್ತಾಳೆ, ತಲೆ ಎತ್ತುವುದಿಲ್ಲ.

ಗ್ರೂಪಿಗೆ ಇವತ್ತು ಏನೂ ಹಾಕಲಿಲ್ಲ. ಸಿಗ್ನಲ್ ಇತ್ತು.

ಜುಲೈ 12, ಶನಿವಾರ

ನಾನು ಎರಡು ದಿನ ಮಾತು ಬಿಟ್ಟಿದ್ದನ್ನು ಅಜ್ಜಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಎಂದಿನ ಹಾಗೆ ಮಾತಾಡುತ್ತಾಳೆ. ಸ್ಟೆಪ್ನಿಯ ತುಟಿ ಎತ್ತಿ ನನ್ನನ್ನು ಕರೆದಳು.

"ಇಲ್ನೋಡು ಮಗಾ. ಕರು ಹಿಂಗಾದ್ರೆ ನಾವು ಆಸೆ ಬುಡ್ತಿದ್ವಿ."

ಒಸಡು ಬೆಳ್ಳಗಿದೆ. ನೆನೆಸಿದ ಅಕ್ಕಿಯ ಬಿಳಿ. ನನ್ನ ತುಟಿ ಮಡಚಿ ಕನ್ನಡಿಯಲ್ಲಿ ನೋಡಿಕೊಂಡೆ, ಕೆಂಪಗಿತ್ತು.

ಟ್ಯಾಂಕಿನ ಹತ್ತಿರ ಹೋಗಿ ಒಸಡಿನ ಫೋಟೋ ಗ್ರೂಪಿಗೇ ಹಾಕಿದೆ. 'ಹನ್ನೊಂದನೇ ದಿನ. ಕಪ್ಪು ಭೇದಿ. ಹೀಗೆ ಯಾರಿಗಾದರೂ ಆಗಿದೆಯಾ?' ಎಂದು ಕೇಳಿದೆ. ಎರಡು ನಿಮಿಷದಲ್ಲಿ ಪೋಸ್ಟ್ ಮಾಯ. ಪ್ರತಾಪಣ್ಣನ ಮೆಸೇಜ್: 'ನೀನು ಮಾಡರೇಟರ್. ನೆಗೆಟಿವ್ ಪೋಸ್ಟ್ ಹಾಕಬೇಡ, ಹೊಸಬರು ಹೆದರುತ್ತಾರೆ. ನಾಲ್ಕು ಚಮಚ ಮಾಡು.'

ನಾಲ್ಕು ಚಮಚ ಹಾಕಿದೆ. ಮೂಸಿ ನೋಡಿ ಮುಖ ತಿರುಗಿಸಿದಳು.

ಆಸ್ಪತ್ರೆಗೆ ಇವತ್ತು ಎರಡನೇ ಶನಿವಾರದ ರಜೆ, ನಾಳೆ ಭಾನುವಾರ. ನಾನು ಹೋಗಬೇಕು ಅಂದುಕೊಂಡಿದ್ದೇನೆ ಅಂತಲ್ಲ. ಸುಮ್ಮನೆ ಬರೆದೆ.

ಜುಲೈ 13, ಭಾನುವಾರ

ತೀರ್ಮಾನ ಆಯಿತು. ನಾಳೆ ಕಕ್ಕ ತೆಗೆದುಕೊಂಡು ಹೋಗುತ್ತೇನೆ. ಶಿವಲೀಲಾ ಮೇಡಂ ಕೇಳಿದರು ಅಂತಲ್ಲ. ಹುಳ ಇಲ್ಲ ಎಂದು ಅವರ ಕೈಯಲ್ಲೇ ಚೀಟಿ ಬರೆಸಿಕೊಂಡು ಬರುತ್ತೇನೆ. ಆಮೇಲೆ ಅಪ್ಪ, ಅಜ್ಜಿ, ದ್ಯಾವಯ್ಯ, ಎಲ್ಲರ ಬಾಯಿ ಮುಚ್ಚುತ್ತದೆ.

ಜಾಮ್ ಬಾಟಲಿಯನ್ನು ಬಿಸಿನೀರಲ್ಲಿ ಮೂರು ಸಲ ತೊಳೆದು ಬೋರಲು ಹಾಕಿದ್ದೇನೆ. ಸ್ಟೆಪ್ನಿ ಇಡೀ ದಿನ ಟೈರಿನೊಳಗೇ ಮಲಗಿದ್ದಳು. ದೊಡ್ಡವಳಾದ ಮೇಲೆ ಅವಳಿಗೆ ಅದರಲ್ಲಿ ಜಾಗ ಸಾಲುತ್ತಿರಲಿಲ್ಲ. ಇವತ್ತು ಸಾಲಿತು, ಅಷ್ಟು ಬಡಕಲಾಗಿದ್ದಾಳೆ.

ಜುಲೈ 14, ಸೋಮವಾರ. ಹದಿಮೂರನೇ ದಿನ

ಎಲ್ಲವನ್ನೂ ಬರೆಯುತ್ತೇನೆ.

ಅಪ್ಪ ಸ್ಟೆಪ್ನಿಯನ್ನು ಎತ್ತಿ ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿದ. ಮುಂದಿನ ಸೀಟು ದ್ಯಾವಯ್ಯನದು. ಅವನು ತಾನಾಗಿ ಎದ್ದು ಹಿಂದೆ ಹೋಗಿ ಕೂತ. ಘಾಟಿ ಇಳಿಯುವಾಗ ಮಣ್ಣು ಕುಸಿದಿತ್ತು, ಕಾಲು ಗಂಟೆ ನಿಂತೆವು. ಹಾರ್ನ್ ಹೊಡೆಯಬೇಡ ಅಂದೆ ಅಪ್ಪನಿಗೆ. ಹಾರ್ನ್ ಕೇಳಿದರೆ ಅವಳು ಏಳಲು ನೋಡುತ್ತಾಳೆ.

ಆಸ್ಪತ್ರೆಯಲ್ಲಿ ಬಾಟಲಿ ತೆಗೆದುಕೊಂಡವನು ದೇವೀರಪ್ಪ ಅನ್ನುವ ಅಟೆಂಡರ್. "ಮೇಡಂ, ಹಣ್ಣಿನ್ ಜಾಮ್ ತಂದವ್ಳೆ ಕಣ್ರೀ," ಅಂದ. ಒಳಗಿದ್ದದ್ದನ್ನು ನೋಡಿದ ಮೇಲೆ ಬೇಗ ಬೇಗ ಮೇಡಂ ಮೇಜಿಗೆ ಒಯ್ದ.

ಶಿವಲೀಲಾ ಮೇಡಂ ಮೈಕ್ರೋಸ್ಕೋಪಿನಲ್ಲಿ ನೋಡಿದರು. ನಾನು ಎದುರಿಗೇ ನಿಂತಿದ್ದೆ. "ಹುಳ ಇಲ್ಲ ಅಂತ ಬರ್ದುಕೊಡಿ ಮೇಡಂ," ಅಂದೆ.

ಅವರು ಪಕ್ಕಕ್ಕೆ ಸರಿದರು. "ನೀನೇ ನೋಡಿ ಬರಿ."

ನೋಡಿದೆ. ಗಾಜಿನ ಮೇಲೆ ಸಣ್ಣ ಸಣ್ಣ ಮೊಟ್ಟೆಗಳು, ತೆಳು ಸಿಪ್ಪೆ, ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ. ಎಣಿಸಲು ಶುರು ಮಾಡಿ ಹದಿನೆಂಟಕ್ಕೆ ಬಿಟ್ಟೆ.

"ಕೊಕ್ಕೆಹುಳ. ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತೆ. ಒದ್ದೆ ಮಣ್ಣಲ್ಲಿ ಓಡಾಡೋ ನಾಯಿಗೆ ಕಾಲಿಂದಾನೂ ಹತ್ತುತ್ತೆ," ಅಂದರು. "ಅವತ್ತು ಕೊಟ್ಟ ಮಾತ್ರೆ ಯಾವಾಗ ಹಾಕಿದ್ರಿ?"

"ಅವತ್ತೇ ಹಾಕವ್ಳೆ ಮೇಡಂ," ಅಂದ ಅಪ್ಪ.

ನೋಟ್‌ಬುಕ್ ನನ್ನ ಚೀಲದಲ್ಲಿತ್ತು. ತೆಗೆದೆ. ಹೊದಿಕೆಯೊಳಗೆ ಬೆರಳು ಹಾಕಿ ಮಾತ್ರೆಯನ್ನು ಮೇಜಿನ ಮೇಲಿಟ್ಟೆ. ಮಾತ್ರೆಯ ಒಂದು ಅಂಚು ಪುಡಿಯಾಗಿತ್ತು.

ಅಪ್ಪ ಮಾತ್ರೆಯನ್ನು ನೋಡಿದ, ನನ್ನನ್ನು ನೋಡಲಿಲ್ಲ. ಹೊರಗೆ ಯಾವುದೋ ಎಮ್ಮೆ ಕೂಗುತ್ತಲೇ ಇತ್ತು.

ಮೇಡಂ ಬೈದಿದ್ದರೆ ಉತ್ತರ ಕೊಡಬಹುದಿತ್ತು. ನಾನು ಸಿದ್ಧವಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಹೊಸ ಮಾತ್ರೆ ತೆಗೆದು ತೂಕಕ್ಕೆ ತಕ್ಕಂತೆ ಮುರಿದು ನುಂಗಿಸಿದರು, ಎರಡು ಇಂಜೆಕ್ಷನ್ ಕೊಟ್ಟರು, ಗ್ಲೂಕೋಸ್ ಹಾಕಿದರು. ಬಾಟಲಿ ಹಿಡಿದುಕೊಂಡು ನಿಲ್ಲಲು ನನಗೆ ಹೇಳಿದರು.

ಹಾಗೆ ನಿಂತೇ ಕೇಳಿದೆ. "ಹಾಗಾದ್ರೆ ಪುಡಿ ವಿಷಾನಾ ಮೇಡಂ?"

"ವಿಷ ಅಂತ ಯಾರು ಹೇಳಿದ್ರು? ಗಟ್ಟಿಯಾಗಿರೋ ನಾಯಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಸುಮ್ಮನೆ ಹೊಟ್ಟೆ ಕೆಟ್ಟಿದ್ರೆ, ಆಂಟಿಬಯಾಟಿಕ್ ತಗೊಂಡು ಭೇದಿ ಆಗಿದ್ರೆ, ಒಂದೆರಡು ದಿನ ಬೇಗ ನಿಲ್ಲಬಹುದು. ನಾನೂ ಕೆಲವು ಸಲ ಬರೀತೀನಿ. ಆದ್ರೆ ಅದು ಹುಳ ಕೊಲ್ಲಲ್ಲ. ಇಷ್ಟು ಸೋತಿರೋ ನಾಯಿಗೆ ಕೇಳದೆ ಹಾಕಲೂಬಾರದು. ಡಬ್ಬ ತಂದಿದೀಯಾ?"

ತಂದಿದ್ದೆ. ಹಣೆಯ ಮೇಲೆ ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ಓದಿದರು. "ಯಾವ ಬ್ಯಾಕ್ಟೀರಿಯಾ ಅಂತ ಹೆಸರಿಲ್ಲ. ಎಷ್ಟಿದೆ ಅಂತಿಲ್ಲ. ಯಾವತ್ತಿನ ತನಕ ಬದುಕಿರುತ್ತೆ ಅಂತಿಲ್ಲ. 'ಕೋಟ್ಯಂತರ' ಅಂತ ಮಾತ್ರ ಇದೆ." ಡಬ್ಬದ ತಳ ಮುಟ್ಟಿ ನೋಡಿದರು, ಮಸಿ ಹತ್ತಿತು. "ಎಲ್ಲಿಟ್ಟಿದ್ದೆ ಇದನ್ನ?"

"ಒಲೆ ಮೇಲಿನ ಅಟ್ಟದಲ್ಲಿ. ಒಣಗಿದ ಜಾಗ ಅಂದ್ರೆ ಅದೊಂದೇ."

"ಹಾಕಿದ್ದು ಹೇಗೆ?"

"ಬಿಸಿ ಗಂಜೀಲಿ."

ದೇವೀರಪ್ಪ ಮೊದಲು ನಕ್ಕ. ಮೇಡಂ ತಡೆದುಕೊಂಡು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. "ಇದ್ದವನ್ನೂ ಹುರಿದು ಹಾಕಿದೀಯ ಮಾರಾಯ್ತಿ. ಹದಿಮೂರು ದಿನ ನಿನ್ನ ನಾಯಿ ತಿಂದದ್ದು ಸತ್ತ ಬ್ಯಾಕ್ಟೀರಿಯಾ. ನಿನ್ನ ಅಜ್ಜಿ ಮಜ್ಜಿಗೆ ಅನ್ನ ಹಾಕಿದ್ರೆ ಅದರಲ್ಲಾದರೂ ಜೀವ ಇರ್ತಿತ್ತು."

ಅಜ್ಜಿಯ ವಿಷಯ ನಾನು ಹೇಳಿರಲಿಲ್ಲ. ಅಪ್ಪ ಹೇಳಿರಬೇಕು.

ಬದುಕುತ್ತಾಳಾ ಎಂದು ಕೇಳಿದೆ. "ರಕ್ತ ಬಹಳ ಕಡಿಮೆ ಇದೆ. ಮೂರು ದಿನ ನೋಡೋಣ, ಈಗಲೇ ಮಾತು ಕೊಡಲ್ಲ," ಅಂದರು. ಆಮೇಲೆ ನೋಟ್‌ಬುಕ್ ಕಡೆ ಕೈ ತೋರಿಸಿ ಕೇಳಿದರು. ಯಾರೂ ಓದಬಾರದು ಎಂದು ಬರೆದದ್ದನ್ನು ಕೊಟ್ಟೆ. ಯಾವ ದಿನ ಕಪ್ಪಾಯಿತು, ಎಷ್ಟು ಸಲ, ಯಾವತ್ತು ಊಟ ಬಿಟ್ಟಳು, ಅಷ್ಟನ್ನೇ ಓದಿ ತಮ್ಮ ಚೀಟಿಗೆ ಬರೆದುಕೊಂಡರು. "ಹನ್ನೊಂದನೇ ತಾರೀಖಿನದು ಚೆನ್ನಾಗಿ ಬರೆದಿದೀಯ. ಹಾಗೇ ಬರಿ, ಗುರುವಾರ ತಗೊಂಡು ಬಾ."

ವಾಪಸ್ ಬರುವಾಗ ಅಪ್ಪ ದೋಣಿಗಲ್ ಕಡೆಯ ಬಾಡಿಗೆ ಒಂದನ್ನು ಬೇಡ ಅಂದ. ಅರ್ಧ ದಾರಿ ಬಂದೆವು. ಆಮೇಲೆ,

"ನಂಗ್ ಹೇಳ್ಬೋದಿತ್ತು."

"ಹೇಳಿದ್ರೆ ಬೈತಿದ್ದೆ."

"ಬೈತಿದ್ದೆ. ಬೈಸ್ಕೊಂಡಿದ್ರೆ ಆಗ್ತಿತ್ತಲ್ಲವ್ವ."

ಸ್ಟೆಪ್ನಿಯ ತಲೆಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡೆ.

ಜುಲೈ 15, ಮಂಗಳವಾರ

ಬೆಳಿಗ್ಗೆ ಆರು: ನೀರು ಕುಡಿದಳು. ಎಂಟು: ಕಕ್ಕ ಕಪ್ಪು, ಸತ್ತ ಹುಳ ಇವೆ, ನೂಲಿನ ಹಾಗೆ. ಹನ್ನೊಂದು: ಅಜ್ಜಿಯ ಮಜ್ಜಿಗೆ ಅನ್ನ, ಮೂರು ತುತ್ತು. ನಾಲ್ಕು: ಮಲಗಿದ್ದಾಳೆ. ಉಸಿರು ಜೋರು.

ಗ್ರೂಪಿಗೆ ಹೋಗಿ ಎಲ್ಲವನ್ನೂ ಬರೆದೆ. ಮಾತ್ರೆ ಬಚ್ಚಿಟ್ಟದ್ದು, ಅಟ್ಟ, ಗಂಜಿ, ಮೊಟ್ಟೆ. ಕೊನೆಯಲ್ಲಿ: 'ಹತ್ತು ದಿನ ಜಾಸ್ತಿಯಾದರೆ ಒಳ್ಳೆಯದು ಅನ್ನೋದು ಸುಳ್ಳು. ಅದನ್ನು ನಂಬಿ ನಾನು ಬೇರೆಯವರಿಗೂ ಹೇಳಿದೆ. ಭೇದಿ ಮೂರು ದಿನ ದಾಟಿದರೆ ಮೊದಲು ಡಾಕ್ಟರಿಗೆ ತೋರಿಸಿ. ಪ್ರತಾಪ್ ಅವರೇ, ಡಬ್ಬದ ಮೇಲೆ ಬ್ಯಾಕ್ಟೀರಿಯಾದ ಹೆಸರು ಬರೆಯಿರಿ.'

ಒಂದು ನಿಮಿಷದಲ್ಲಿ ಹೃದಯ ಹನ್ನೊಂದು, ಕೋಪದ ಮುಖ ನಾಲ್ಕು. ಎರಡನೇ ನಿಮಿಷ: 'ನಿಮ್ಮನ್ನು ಗ್ರೂಪಿನಿಂದ ತೆಗೆಯಲಾಗಿದೆ.'

ತೆಗೆಯಲಿ. ನಾನೇನೂ ಅವರ ಅಂಗಳದಲ್ಲಿ ಹುಟ್ಟಿದವಳಲ್ಲ.

ಟ್ಯಾಂಕಿನ ಹತ್ತಿರ ಇನ್ನೂ ಹತ್ತು ನಿಮಿಷ ನಿಂತಿದ್ದೆ, ಏಕೆಂದು ಗೊತ್ತಿಲ್ಲ.

ಜುಲೈ 16, ಬುಧವಾರ

ಕುಂದೂರಿನ ಪಿಂಕಿ. ಇಡೀ ದಿನ ಅದೇ. ಹಳೆಯ ಚಾಟ್‌ನಲ್ಲಿ ನಾಗರತ್ನಮ್ಮನವರ ನಂಬರ್ ಇತ್ತು. ಮೂರು ಸಲ ಒತ್ತಿ ಕಟ್ ಮಾಡಿದೆ. ನಾಲ್ಕನೇ ಸಲ ಅವರೇ ಫೋನ್ ಮಾಡಿದರು.

"ಯಾರಮ್ಮ ಅದು, ಮಿಸ್ ಕಾಲ್ ಮೇಲೆ ಮಿಸ್ ಕಾಲ್ ಕೊಡ್ತಿರೋದು?"

"ನಾನು ಹೇಮಶ್ರೀ ಮೇಡಂ. ಬಾಲ ಬಳಗದ ಮಾಡರೇಟರ್. ಅಲ್ಲ, ಆಗಿದ್ದೆ. ಪಿಂಕಿಗೆ ಡಾಕ್ಟರ್ ಬೇಡ ಅಂತ ನಿಮಗೆ ಹೇಳಿದ್ದು ನಾನೇ. ತಪ್ಪು ಹೇಳ್ದೆ. ಇವತ್ತೇ ಕರ್ಕೊಂಡು ಹೋಗಿ, ಒಸಡು ನೋಡಿ, ಕಕ್ಕ ಬಾಟ್ಲೀಲಿ ಹಾಕ್ಕೊಂಡು..."

"ಉಸಿರು ತಗೋ ಮೊದಲು," ಅಂದರು. "ನಿನ್ನ ಮಾತು ನಾನು ಕೇಳಿದ್ರೆ ತಾನೇ? ನೀನು ಬೇಡ ಅಂದ ಮಾರನೇ ದಿನಾನೇ ಆಲೂರಿಗೆ ಹೋಗಿದ್ದೆ. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದೀನಿ ಕಣಮ್ಮ."

"ಹುಳ ಇತ್ತಾ ಮೇಡಂ?"

"ಎಂಥದ್ದೂ ಇಲ್ಲ. ಮದುವೆ ಮನೆ ಊಟ ತಿಂದಿದ್ದಾಳೆ ಕಳ್ಳಿ. ಡಾಕ್ಟ್ರು ಯಾವುದೋ ಕಂಪನಿ ಪ್ರೋಬಯಾಟಿಕ್ಕೇ ಬರ್ಕೊಟ್ರು, ಫ್ರಿಜ್ಜಲ್ಲಿಡಿ ಅಂದ್ರು. ಮೂರು ದಿನಕ್ಕೆ ನಿಂತ್ಹೋಯ್ತು. ಪುಡಿಯಿಂದ್ಲೋ, ತಾನಾಗೇ ನಿಂತಿತೋ, ಅವರಿಗೂ ಖಾತ್ರಿ ಇಲ್ವಂತೆ. ನಿನ್ನದು ಹೇಗಿದೆ?"

ಹೇಳಿದೆ. ಪೂರ್ತಿ ಕೇಳಿ ಅವರು ಅಂದರು, "ನಾಳೆ ಫೋನ್ ಮಾಡು. ಮಿಸ್ ಕಾಲ್ ಅಲ್ಲ, ಫೋನು."

ಜುಲೈ 17, ಗುರುವಾರ

ಡಿಸಿ ಮಳೆ ರಜೆ ಕೊಟ್ಟಿದ್ದಾರೆ, ಕಾಲೇಜಿಲ್ಲ. ಆಸ್ಪತ್ರೆಗೆ ಹೋಗಿ ಬಂದೆವು. ಒಸಡು: ಅಂಚಿನಲ್ಲಿ ಗುಲಾಬಿ ಗೆರೆ ಇದೆ ಅಂತ ನಾನು, ಇಲ್ಲ ಅಂತ ದೇವೀರಪ್ಪ. ಮೇಡಂ ಬಂದು ನೋಡಿ "ಇದೆ," ಅಂದರು. ದೇವೀರಪ್ಪನ ಮುಖ ನೋಡಬೇಕಿತ್ತು. ಇನ್ನೂ ಮಾತು ಕೊಡಲ್ಲ ಅಂದರು, ಆದರೆ ಸೋಮವಾರ ಹೇಳಿದ ಧ್ವನಿಯಲ್ಲಿ ಅಲ್ಲ. ಹದಿನೈದು ದಿನ ಬಿಟ್ಟು ಮತ್ತೊಂದು ಮಾತ್ರೆ, ಕಬ್ಬಿಣದ ಟಾನಿಕ್, ಅವಳು ಮಲಗುವ ಜಾಗ ಒಣಗಿರಬೇಕು.

ಒಣಗಿದ ಜಾಗ. ಮತ್ತೆ ಅದೇ.

ಅಪ್ಪ ಏನೂ ಹೇಳದೆ ಒಲೆಯ ಪಕ್ಕದ ಸೌದೆ ರಾಶಿಯನ್ನು ಅರ್ಧ ತೆಗೆದು ಜೀಪಿನ ಶೆಡ್ಡಿಗೆ ಹಾಕಿದ. ಆ ಜಾಗಕ್ಕೆ ಟೈರು ಉರುಳಿಸಿಕೊಂಡು ಬಂದ.

ಜುಲೈ 19, ಶನಿವಾರ

ಕಕ್ಕ ಗಟ್ಟಿ. ಕಂದು. ಎರಡೇ ಸಲ.

ಇಷ್ಟು ಸಂತೋಷದ ವಾಕ್ಯ ನಾನು ಯಾವತ್ತೂ ಬರೆದಿಲ್ಲ.

ಜುಲೈ 22, ಮಂಗಳವಾರ. ಇಪ್ಪತ್ತೊಂದನೇ ದಿನ

ಸವಾಲಿನ ಕೊನೆಯ ದಿನ ತುಂಬಬೇಕಾದ ಫಾರಂ ನನ್ನ ಫೋನಿನಲ್ಲಿ ಇನ್ನೂ ಇದೆ. 'ಯಾವ ಬದಲಾವಣೆ ಕಂಡಿರಿ' ಎಂದು ಕೇಳಿ ಮೂರು ಉತ್ತರ ಕೊಟ್ಟಿದ್ದಾರೆ: ಚೆನ್ನಾಗಿದೆ, ತುಂಬಾ ಚೆನ್ನಾಗಿದೆ, ಅದ್ಭುತ. ಅದನ್ನು ಅಳಿಸಿ ಇಲ್ಲೇ ಬರೆಯುತ್ತೇನೆ. ಪುಡಿ: ಹದಿಮೂರು ದಿನ, ಹುರಿದದ್ದು. ಮಾತ್ರೆ: ಒಂದು ಸಲ, ಹದಿಮೂರು ದಿನ ತಡವಾಗಿ. ತಡ ಮಾಡಿದ್ದು: ನಾನು. ಮುಂದೆ ಯಾವತ್ತಾದರೂ ಸುಮ್ಮನೆ ಹೊಟ್ಟೆ ಕೆಟ್ಟರೆ ಪ್ರೋಬಯಾಟಿಕ್ ಹಾಕುತ್ತೇನಾ? ಹಾಕಬಹುದು. ಮೇಡಂ ಹೆಸರು ಬರೆದುಕೊಟ್ಟರೆ, ಕರೆಂಟು ಇದ್ದರೆ.

ಮಧ್ಯಾಹ್ನ ಗ್ರೂಪಿನ ಇಬ್ಬರು ಖಾಸಗಿಯಾಗಿ ಬರೆದಿದ್ದರು. ಹೊನ್ನಾಳಿ ಕಡೆಯ ಒಬ್ಬರ ನಾಯಿಗೆ ಒಂಬತ್ತನೇ ದಿನವಂತೆ. 'ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಒಸಡಿನ ಫೋಟೋ ತೆಗೆಯಿರಿ, ಬಾಟಲಿ ತೊಳೆಯಿರಿ, ಇವತ್ತೇ ಆಸ್ಪತ್ರೆಗೆ ಹೋಗಿ' ಎಂದು ಬರೆದೆ. ನೀವು ಯಾರು ಹೇಳೋಕೆ ಎಂದು ಕೇಳಿದರು. ನೋಟ್‌ಬುಕ್ಕಿನ ಹನ್ನೊಂದನೇ ತಾರೀಖಿನ ಪುಟದ ಫೋಟೋ ಕಳಿಸಿದೆ. ಆಮೇಲೆ ಅವರು ಏನೂ ಕೇಳಲಿಲ್ಲ.

ಹೊಟ್ಟೆಸ್ನೇಹಿ ಡಬ್ಬವನ್ನು ಅಜ್ಜಿ ತೊಳೆದು ಉಪ್ಪು ತುಂಬಿ ಅಟ್ಟದ ಮೇಲಿಟ್ಟಿದ್ದಾಳೆ. "ಮುಚ್ಚಳ ಬಲೇ ಬಿಗಿ ಐತೆ ಕಣೇ," ಅಂತಾಳೆ.

ಬೆಳಗಿನದನ್ನು ಕೊನೆಗೆ ಬರೆಯೋಣ ಎಂದು ಇಟ್ಟುಕೊಂಡಿದ್ದೆ.

ಅಪ್ಪ ಹಾರ್ನ್ ಹೊಡೆದ. ಎರಡು ವಾರದಿಂದ ಮನೆಯ ಮುಂದೆ ಹೊಡೆದಿರಲಿಲ್ಲ. ಸ್ಟೆಪ್ನಿ ಟೈರಿನಿಂದ ಎದ್ದು, ಮೈ ಮುರಿದು, ಅಂಗಳ ದಾಟಿ ಜೀಪಿನ ಹಿಂದೆ ಹೋಗಿ ನಿಂತಳು. ಹಿಂಬಾಗಿಲಿನ ಎತ್ತರ ನೋಡಿದಳು. ನಾನು ಎತ್ತಲು ಹೋದೆ.

"ಮುಟ್ಬ್ಯಾಡ," ಅಂದ ಅಪ್ಪ.

ಒಳಗೆ ಜನ ತುಂಬಿದ್ದರು. ಇವತ್ತೂ ಹಿಂದೆಯೇ ಕೂತಿದ್ದ ದ್ಯಾವಯ್ಯ ಗಡಿಯಾರ ನೋಡಿಕೊಂಡ. "ಹೊರಡಪ್ಪ ಕೃಷ್ಣಪ್ಪ, ಹಾಸನದ ಬಸ್ಸು ಹೋಗ್ಬುಡ್ತದೆ."

"ಇರಣ್ಣ. ಇನ್ನೊಂದ್ ಸೀಟು ಬಾಕಿ ಐತೆ."

ಮುಂಗಾಲು ಎತ್ತಿ ಇಟ್ಟಳು. ಇಳಿಸಿದಳು. ಇಂಜಿನ್ ಗುಡುಗುಡು ಅನ್ನುತ್ತಿತ್ತು. ದ್ಯಾವಯ್ಯ ನಿಧಾನವಾಗಿ ತನ್ನ ನೋಯುವ ಮಂಡಿಯನ್ನು ಪಕ್ಕಕ್ಕೆ ಮಡಚಿಕೊಂಡು ಬಾಗಿಲ ಹತ್ತಿರ ಒಂದು ನಾಯಿಯಷ್ಟು ಜಾಗ ಮಾಡಿದ.

ನೆಗೆದಳು. ಹಿಂಗಾಲು ಜಾರಿತು, ಕೆರೆದುಕೊಂಡು ಹತ್ತಿದಳು.

ಜೀಪು ಹೊರಟಿತು. ನಾನು ಕೊಡೆ ಹಿಡಿದು ಕೆಳಗಿನ ತಿರುವಿನ ಕಡೆ ನಡೆದೆ. ವಾಪಸ್ ಬರುವಾಗ ಏರು ದಾರಿ, ಅವಳಿಗೆ ಜೊತೆ ಬೇಕಾಗುತ್ತದೆ.